ಹಗ್ಗ ಜಗ್ಗದ ಬೈಚ

"ಗುರುಗಳೇ, ಮನುಷ್ಯನ ಶಕ್ತಿಗೆ ಎಲ್ಲೆ ಎಂಬುದೊಂದು ಇದೆಯೆ? ಇದ್ದರೆ ಅದನ್ನು ದಾಟುವುದು ಹೇಗೆ?"

ಹೀಗೆ ಕೇಳಿದವನು ಅಡಿವೆಯ್ಯನೆಂಬ ಶಿಷ್ಯ. ಅವನು ಮಠ ಸೇರಿ ವರ್ಷಗಳೇ ಆಗಿದ್ದವು. ಅವನಷ್ಟು ಬಿಗಿಯಾಗಿ ವ್ರತ ಹಿಡಿದವರು ಅಲ್ಲಿ ಮತ್ತೊಬ್ಬರಿರಲಿಲ್ಲ.

"ಏಕೆ, ಏನಾಯಿತು?" ಎಂದರು ಗುರುಗಳು.

"ಬೆಳಗ್ಗೆ ಅನುಷ್ಠಾನಕ್ಕೆ ಕೂರುತ್ತೇನೆ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿರುತ್ತದೆ. ಆಮೇಲೆ ಸೊಂಟ ಸಾಕು ಎನ್ನುತ್ತದೆ. ಕೊನೆಗೆ ಮನಸ್ಸೂ ಸಾಕು ಎನ್ನುತ್ತದೆ. ಹಲ್ಲು ಕಚ್ಚಿ ಕೂರುತ್ತೇನೆ. ಆದರೂ ಅದೇ ಜಾಗಕ್ಕೆ ಬಂದು ಸೋಲುತ್ತೇನೆ. ಇನ್ನೂ ಗಟ್ಟಿಯಾಗಿ ಹಲ್ಲು ಕಚ್ಚಬೇಕೋ, ಬಿಟ್ಟು ಎದ್ದುಬಿಡಬೇಕೋ ತಿಳಿಯದಾಗಿದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಬೈಚನೆಂಬ ಗಾಣಿಗನಿದ್ದ. ತಂದೆ ಇರಲಿಲ್ಲ. ತಾಯಿ ಮಾಕವ್ವನಿಗೆ ಸೊಂಟ ಬಿದ್ದುಹೋಗಿತ್ತು, ನಡೆಯಲಾರಳು. ಬೆಳಗ್ಗೆ ಬೈಚ ಅವಳನ್ನು ಎತ್ತಿ ಬಿಸಿಲಿಗೆ ಕೂರಿಸುವನು, ಬಿಸಿಲೇರಿದರೆ ಎತ್ತಿ ನೆರಳಿಗೆ ತರುವನು. ನೆರೆಯವರು ಒಂದು ಕೈ ಹಾಕಲು ಬಂದರೆ, "ಬೇಡ, ನನ್ನ ತಾಯಿ ನನಗೆ ಭಾರವಲ್ಲ" ಎನ್ನುವನು. ಊರವರಿಗೆ ಆ ಮಾತು ಬಹಳ ಹಿಡಿಸಿತ್ತು. ಮಗನೆಂದರೆ ಬೈಚ ಎನ್ನುತ್ತಿದ್ದರು.

ಒಂದು ಮಳೆಗಾಲದ ಕೊನೆಯಲ್ಲಿ ಪಕ್ಕದ ಸೀಮೆಯ ಪಾಳೆಯಗಾರನ ದಂಡು ಊರುಗಳನ್ನು ಸುಡುತ್ತ ಬರುತ್ತಿದೆ ಎಂಬ ಸುದ್ದಿ ಹಬ್ಬಿತು. ಊರಿಗೆ ಊರೇ ಹೊಳೆಯತ್ತ ಓಡಿತು. ಆಚೆ ದಡ ಸೇರಿದರೆ ಜೀವ ಉಳಿದಂತೆ. ಹೊಳೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಎದೆಮಟ್ಟದ ನೀರು, ಸೆಳೆತ ಜೋರು. ಬೈಚ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ದಡಕ್ಕೆ ಬಂದ. ಅಲ್ಲಿ ನಿಂತಿದ್ದ ಒಬ್ಬ ಕುರಿಗಾರ, "ತಮ್ಮಾ, ನೀರು ಕೆಟ್ಟದಾಗಿದೆ. ಒಂದು ಕಡೆ ನಾನು ಹಿಡಿಯುತ್ತೇನೆ, ಇಬ್ಬರೂ ಸೇರಿ ದಾಟಿಸೋಣ" ಎಂದ.

"ಬೇಡಣ್ಣ. ನನ್ನ ತಾಯಿ ನನಗೆ ಭಾರವಲ್ಲ."

ನಡುಹೊಳೆಯಲ್ಲಿ ಬೈಚನ ಮಂಡಿಗಳು ನಡುಗತೊಡಗಿದವು. ಬೆನ್ನ ಮೇಲಿದ್ದ ತಾಯಿಗೆ ಅದು ತಿಳಿಯಿತು. "ಯಾರನ್ನಾದರೂ ಕೂಗು ಮಗಾ" ಎಂದು ಕಿವಿಯಲ್ಲಿ ಹೇಳಿದಳು. "ಸುಮ್ಮನಿರವ್ವ, ದಡ ಬಂದೇ ಬಿಟ್ಟಿತು" ಎಂದ ಬೈಚ. ಇನ್ನೊಂದು ಹೆಜ್ಜೆ ಇಟ್ಟ. ಮಂಡಿ ಕುಸಿಯಿತು. ಅವನು ನೀರಿನಿಂದ ತಲೆ ಎತ್ತಿದಾಗ ಬೆನ್ನು ಹಗುರವಾಗಿತ್ತು.

ಆಚೆ ದಡದಲ್ಲಿ ಕುಳಿತು ಅವನು ಬಹಳ ಹೊತ್ತು ತನ್ನ ಮಂಡಿಗಳನ್ನು ನೋಡಿದ. ಅವನಿಗೆ ಕಂಡ ತಪ್ಪು ಅದೊಂದೇ. ಕುರಿಗಾರನ ಮಾತು ನೆನಪಿಗೆ ಬರಲಿಲ್ಲ. ತಾಯಿಯ ಮಾತನ್ನು ಅವನು ನೆನಪಿಗೆ ಬರಗೊಡಲಿಲ್ಲ. ಇನ್ನು ಮುಂದೆ ಈ ಮೈ ನನ್ನ ಮಾತು ಮೀರಕೂಡದು ಎಂದು ಆಣೆ ಇಟ್ಟುಕೊಂಡು ಎದ್ದ.

ಹೊಳೆಯಾಚೆಯ ಸೀಮೆಯ ದೊರೆಗೆ ಒಂದು ಬೆಟ್ಟದ ಕೋಟೆಯಿತ್ತು. ಕೋಟೆಯಲ್ಲಿ ಕುದುರೆಯವರು, ಬಿಲ್ಲಿನವರು ಎಂದು ಎಷ್ಟೋ ಮಂದಿಯಿದ್ದರು. ಅವರೆಲ್ಲರಿಂದ ಬೇರೆಯಾಗಿ ಒಂದು ಸಣ್ಣ ಪಡೆಯಿತ್ತು. ಏಣಿ ನಿಲ್ಲದ ಕಡೆ ಬರಿಗೈಯಲ್ಲಿ ಬಂಡೆ ಹತ್ತಿ ಹಗೆಯ ಕೋಟೆಯೊಳಗೆ ಇಳಿಯುವುದು ಅದರ ಕೆಲಸ. ಜನ ಅದನ್ನು ಉಡದ ಪಡೆ ಎನ್ನುತ್ತಿದ್ದರು. ಉಡ ಹಿಡಿದರೆ ಬಿಡುವುದಿಲ್ಲವಲ್ಲ, ಹಾಗೆ. ಆ ಪಡೆ ಸೇರಬೇಕೆಂದು ವರ್ಷವರ್ಷವೂ ಗಟ್ಟಿಮುಟ್ಟಾದ ಗಂಡುಗಳು ಗುಂಪುಗುಂಪಾಗಿ ಬರುತ್ತಿದ್ದರು. ಉಳಿಯುತ್ತಿದ್ದವರು ಬೆರಳೆಣಿಕೆಯಷ್ಟು.

ಅವರನ್ನು ತಿದ್ದುವವನು ಒಬ್ಬ ಮುದಿ ಗುರಿಕಾರ. ಅವನು ಬೈದದ್ದನ್ನು ಯಾರೂ ಕೇಳಿರಲಿಲ್ಲ, ಹೊಗಳಿದ್ದನ್ನೂ ಕೇಳಿರಲಿಲ್ಲ. ಅವನು ಬೈಚನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ:

"ಯಾಕೆ ಬಂದೆ?"

"ನನ್ನ ಮಂಡಿ ಇನ್ನೊಮ್ಮೆ ಕುಸಿಯಬಾರದು. ಅದಕ್ಕೆ ಬಂದೆ."

ಗುರಿಕಾರ ಅವನಿಗೆ ಒಂದು ಹಗ್ಗ ಕೊಟ್ಟು, "ಸೊಂಟಕ್ಕೆ ಸುತ್ತಿಕೊ. ಬೇಡವೆನಿಸಿದ ದಿನ ಬಾಗಿಲ ಗೂಟಕ್ಕೆ ನೇತುಹಾಕಿ ಹೋಗು. ಯಾರೂ ಏನೂ ಅನ್ನುವುದಿಲ್ಲ" ಎಂದ.

ತಾಲೀಮು ಶುರುವಾಯಿತು. ಕೋಟೆಯ ತಳದಲ್ಲಿ ಒಂದು ಕೊಳ, ನೆತ್ತಿಯಲ್ಲಿ ಕಾವಲಿನ ಒಂದು ಬತ್ತೇರಿ. ಕೊಳದಿಂದ ಬತ್ತೇರಿಯವರೆಗೆ ಗುಂಡುಕಲ್ಲು ಹೊತ್ತು ಹತ್ತಬೇಕು. ಇಳಿದು ಬಂದು ಕೊಳದ ತಣ್ಣೀರಿನಲ್ಲಿ ಕುತ್ತಿಗೆಮಟ್ಟ ನಿಲ್ಲಬೇಕು. ಹಲ್ಲು ಕಟಕಟ ಎನ್ನುವಾಗ ಎದ್ದು ಬಂದು ಒದ್ದೆ ಕೈಯಲ್ಲೇ ಬಂಡೆ ಹಿಡಿಯಬೇಕು. ಊಟವಿಲ್ಲದೆ ಕಾಡು ಸುತ್ತಬೇಕು. ಸುತ್ತಿ ಬಂದವರ ಮುಂದೆ ಬಿಸಿ ಅನ್ನ ಇಡಿಸಿ, "ಮೊದಲು ಇನ್ನೊಂದು ಕಲ್ಲು" ಎನ್ನುವನು ಗುರಿಕಾರ. ಬಾಗಿಲ ಗೂಟದಲ್ಲಿ ಹಗ್ಗಗಳು ಹೆಚ್ಚುತ್ತ ಹೋದವು. ಬಿಟ್ಟು ಹೋಗುವವನಿಗೆ ಅಡುಗೆಯವರು ಹೊಟ್ಟೆ ತುಂಬ ಬಡಿಸಿ ದಾರಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು.

ಮೊದಮೊದಲು ಬೈಚನೂ ಸೋತ. ಒಂದು ದಿನ ಕಲ್ಲು ಹೊತ್ತು ಹತ್ತುವಾಗ ಅರ್ಧ ದಾರಿಯಲ್ಲಿ ಬಿದ್ದುಬಿಟ್ಟ. ಕಲ್ಲು ಉರುಳಿ ಮೆಟ್ಟಿಲ ಸಂದಿಗೆ ಸಿಕ್ಕಿಕೊಂಡಿತು. ಗುರಿಕಾರ ಬಂದು ಆ ಕಲ್ಲಿನ ಮೇಲೇ ಕುಳಿತ.

"ಮೈ ಏನೆನ್ನುತ್ತಿದೆ?"

"ಸಾಕು ಎನ್ನುತ್ತಿದೆ."

"ಅದು ಮೈಯ ಮಾತಲ್ಲ, ಹೆದರಿಕೆಯ ಮಾತು. ಮೈ ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಇನ್ನೊಂದು ಮೆಟ್ಟಿಲು ಹತ್ತು, ಆಮೇಲೆ ಮತ್ತೆ ಕೇಳಿ ನೋಡು."

ಬೈಚ ಕಲ್ಲನ್ನು ಹೆಗಲಿಗೇರಿಸಿದ. ಒಂದು ಮೆಟ್ಟಿಲು ಹತ್ತಿ ಒಳಗೆ ಕೇಳಿದ. ಸಾಕು ಎಂದಿತು. ಇನ್ನೊಂದು ಹತ್ತಿ ಕೇಳಿದ. ಮತ್ತೆ ಸಾಕು ಎಂದಿತು, ಆದರೆ ದನಿ ಸಣ್ಣದಾಗಿತ್ತು. ಬತ್ತೇರಿಯ ಹತ್ತಿರ ಬಂದಾಗ ಕೇಳುವುದನ್ನೇ ಮರೆತಿದ್ದ. ಕಲ್ಲು ಇಳಿಸಿ ನಿಂತ. ಕೆಳಗೆ ಬಯಲು, ಬಯಲಿನಾಚೆ ಹೊಳೆಯ ಗೆರೆ. ತನ್ನದೆಂದು ತಾನು ತಿಳಿದಿದ್ದ ಮೈಯೊಳಗೆ ಇಷ್ಟು ದೊಡ್ಡ ಮನೆಯಿತ್ತೇ, ನಾನು ಪಡಸಾಲೆಯಲ್ಲೇ ಬದುಕಿಬಿಟ್ಟೆನಲ್ಲ ಎನಿಸಿತು. ತಾಯಿ ಹೋದ ಮೇಲೆ ಅಂದು ಮೊದಲ ಸಲ ನಕ್ಕ.

ಅಂದಿನಿಂದ ಬೈಚನನ್ನು ಹಿಡಿಯುವವರಿಲ್ಲವಾಯಿತು. ದೊಡ್ಡ ಕಲ್ಲು ಅವನದು. ಕೊಳದಿಂದ ಕೊನೆಗೆ ಏಳುವವನು ಅವನು. ಆದರೆ ಅವನಲ್ಲಿ ಒಂದು ರೀತಿಯಿತ್ತು. ಸಂಜೆ ಎಲ್ಲರೂ ಒಬ್ಬರ ಅಂಗೈಗೆ ಒಬ್ಬರು ಹರಳೆಣ್ಣೆ ಹಚ್ಚಿಕೊಳ್ಳುವಾಗ ಅವನು ಮುಷ್ಟಿ ಬಿಗಿದು ದೂರ ಕೂರುವನು. ಬಾಯಾರಿದರೂ ಇನ್ನೊಬ್ಬನ ಕೈಯ ತಂಬಿಗೆ ಮುಟ್ಟುವುದಿಲ್ಲ. ನೋವೇ ಎಂದು ಕೇಳಿದರೆ ಇಲ್ಲವೆಂದು ತಲೆ ಆಡಿಸಿಬಿಡುವನು.

ಬಂಡೆ ಹತ್ತುವ ಪಾಠಕ್ಕೆ ಇಬ್ಬಿಬ್ಬರನ್ನು ಜೊತೆ ಮಾಡಿದರು. ಬೈಚನಿಗೆ ಸಿಕ್ಕವನು ನೇಕಾರರ ಕೇತ. ಸಣಕಲು ಆಸಾಮಿ, ಬಾಯಿ ಮಾತ್ರ ದೊಡ್ಡದು. ಇಬ್ಬರಿಗೂ ಒಂದೇ ಹಗ್ಗ. ಒಬ್ಬ ಮೊದಲು ಹತ್ತಿ, ಕಾಲೂರಲು ಜಾಗ ಸಿಕ್ಕ ಕಡೆ ಕೂರುವನು. ಆಮೇಲೆ ಕೆಳಗಿನವನು ಹತ್ತುವನು. ಕೆಳಗಿನವನ ಕೈ ಸೋತರೆ ಹಗ್ಗವನ್ನು ಒಮ್ಮೆ ಜಗ್ಗಬೇಕು. ಜಗ್ಗಿದ ಕೂಡಲೇ ಮೇಲಿನವನು ಹಗ್ಗ ಬಿಗಿದು ಹಿಂದಕ್ಕೆ ಒರಗುವನು. ಹಗೆಯ ಗೋಡೆಯ ಕೆಳಗೆ ಬಾಯಿಬಿಟ್ಟು ಕೂಗುವಂತಿಲ್ಲ, ಹಗ್ಗವೇ ಮಾತು.

ಕೇತ ಹೆಜ್ಜೆಗೊಮ್ಮೆ ಜಗ್ಗುವನು. ಕಾಲು ಜಾರಿದರೆ ಜಗ್ಗುವನು, ಜಾರೀತೆಂಬ ಅನುಮಾನ ಬಂದರೂ ಜಗ್ಗುವನು. ಉಳಿದವರು, "ಕೇತ ಬಂಡೆ ಹತ್ತುವುದಿಲ್ಲ, ಗುಡಿಯ ಗಂಟೆ ಬಾರಿಸುತ್ತಾನೆ" ಎಂದು ನಗುವರು. ಕೇತನೂ ಅವರೊಡನೆ ನಗುವನು. ಬೈಚ ಮೇಲೆ ಕುಳಿತು ಅವನನ್ನು ಬಾವಿಯಿಂದ ಕೊಡ ಸೇದಿದಂತೆ ಸೇದಿಕೊಳ್ಳುವನು. ತಾನು ಕೆಳಗಿದ್ದಾಗ ಮಾತ್ರ ಒಂದು ದಿನವೂ ಜಗ್ಗಲಿಲ್ಲ.

ಆರಿಸುವ ದಿನ ಬಂತು. ಗುರಿಕಾರ ಒಬ್ಬೊಬ್ಬರ ಹೆಸರು ಕರೆದು ಭುಜ ಮುಟ್ಟಿದ. ಕೇತನ ಭುಜ ಮುಟ್ಟಿದ. ಬೈಚನನ್ನು ದಾಟಿ ಮುಂದೆ ಹೋದ.

ಬೈಚನಿಗೆ ನಂಬಲಾಗಲಿಲ್ಲ. ಹಿಂದೆಯೇ ಹೋಗಿ ದಾರಿಗೆ ಅಡ್ಡ ನಿಂತ.

"ನಾನು ಎಲ್ಲಿ ಕಡಿಮೆಯಾದೆ?"

"ನೀನು ಒಂದು ಸಲವೂ ಹಗ್ಗ ಜಗ್ಗಲಿಲ್ಲ."

"ಕೈ ಸೋಲಲಿಲ್ಲ, ಜಗ್ಗಲಿಲ್ಲ. ಅದೂ ತಪ್ಪೇ?"

ಗುರಿಕಾರ ಅವನ ಮುಷ್ಟಿ ಹಿಡಿದು ಬಿಡಿಸಿದ. ಅಂಗೈ ಸುಲಿದು ಹುಣ್ಣಾಗಿತ್ತು.

"ಇದು ಸೋಲದ ಕೈಯೆ? ಪ್ರತಿದಿನವೂ ನಿನ್ನ ಬೆರಳು ಜಾರುವುದನ್ನು ನಾನು ಕೆಳಗೆ ನಿಂತು ನೋಡಿದ್ದೇನೆ. ನೀನು ಮೇಲಿದ್ದವನಿಗೆ ಸುಳ್ಳು ಹೇಳಿದೆ. ಭಾರ ಬರುತ್ತದೆಂದು ತಿಳಿದರೆ ಕೇತ ಆನೆಯನ್ನಾದರೂ ತಡೆದಾನು. ತಿಳಿಯದೆ ಬಿದ್ದರೆ ಅವನೂ ನಿನ್ನ ಹಿಂದೆಯೇ ಬರುತ್ತಾನೆ. ಹೇಳದೆ ಬೀಳುವವನು ಒಬ್ಬನೇ ಬೀಳುವುದಿಲ್ಲ, ಬೈಚ."

ಸಿಟ್ಟು ಉಕ್ಕಿತು. ಯಾರಿಗೂ ಹೇಳದಿದ್ದ ಹೊಳೆಯ ಕತೆಯನ್ನು ಬೈಚ ಗುರಿಕಾರನ ಮುಂದೆ ಸುರಿದುಬಿಟ್ಟ. ತಾಯಿ ಹೋದದ್ದು ಈ ಮಂಡಿಯಿಂದ, ಅದಕ್ಕೇ ಮಂಡಿಯನ್ನು ಕಲ್ಲು ಮಾಡಿಕೊಂಡೆ, ಇನ್ನೇನು ಮಾಡಬೇಕಿತ್ತು ಎಂದ.

ಗುರಿಕಾರ ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದ. "ಆ ದಿನ ದಡದಲ್ಲಿ ಬೇರೆ ಯಾರಾದರೂ ಇದ್ದರೇ?"

ಬೈಚ ಬಾಯಿ ತೆರೆದ. ಕುರಿಗಾರನ ಮುಖ ಕಣ್ಣ ಮುಂದೆ ಬಂತು. ಚಾಚಿದ ಕೈ ಬಂತು. "ಇದ್ದರು" ಎಂದ.  

ಸಂಜೆಯವರೆಗೆ ಬೈಚ ಬಾಗಿಲ ಬಳಿ ಕುಳಿತಿದ್ದ. ಹಗ್ಗ ಬಿಚ್ಚಿ ಗೂಟಕ್ಕೆ ಹಾಕುವುದು ಸುಲಭವಿತ್ತು. ಅಡುಗೆಯವನು ಬಂದು, "ಬುತ್ತಿ ಕಟ್ಟಲೇನಪ್ಪಾ?" ಎಂದು ಕೇಳಿಯೂ ಹೋದ. ಬೈಚ ಬೇಡವೆಂದ. ಎದ್ದು ಗುರಿಕಾರನ ಹತ್ತಿರ ಹೋಗಿ, "ಹೊಸಬರ ಜೊತೆ ಮೊದಲಿನಿಂದ ಕಲಿಯುತ್ತೇನೆ" ಎಂದ.

"ಮೊದಲಿನಿಂದ ಬೇಡ. ಕಲ್ಲು ಹೊರುವುದು ನಿನಗೆ ಬಂದಿದೆ. ನಿನಗೆ ಉಳಿದಿರುವುದು ಒಂದೇ ಪಾಠ. ನಾಳೆಯಿಂದ ಕೊಳದಿಂದ ಬತ್ತೇರಿಯವರೆಗೆ ಕೇತ ನಿನ್ನನ್ನು ಹೊತ್ತು ಹತ್ತುತ್ತಾನೆ. ನೀನು ಸುಮ್ಮನೆ ಹೊರಿಸಿಕೊ."

ಬೈಚ ತಾಲೀಮಿನಲ್ಲಿ ಅಷ್ಟು ಕಷ್ಟವನ್ನು ಎಂದೂ ಕಂಡಿರಲಿಲ್ಲ. ಕೇತನ ಬೆನ್ನಿನ ಮೇಲೆ ಅವನ ಮೈ ಕೊರಡಾಗುವುದು. ಕೇತನ ಉಸಿರು ಏರಿದರೆ ಇವನ ಎದೆ ಹೊಡೆದುಕೊಳ್ಳುವುದು. ಮೆಟ್ಟಿಲು ಬಂದಾಗಲೆಲ್ಲ ಕಾಲು ತಾನಾಗಿ ನೆಲಕ್ಕೆ ಇಳಿಯುವುದು.

"ಕಾಲು ಊರಬೇಡ ಮಾರಾಯ, ನನ್ನ ನಡಿಗೆ ತಪ್ಪುತ್ತದೆ" ಎನ್ನುವನು ಕೇತ.

"ನಿನಗೆ ಭಾರವಾಗುತ್ತದೆ."

"ಆಗದೆ ಏನು? ನೀನೇನು ಹತ್ತಿಯೆ?"

ಮೊದಲ ದಿನ ಬೈಚ ಅರ್ಧ ದಾರಿಯಲ್ಲೇ ಜಿಗಿದು ಇಳಿದುಬಿಟ್ಟ. ಮರುದಿನವೂ ಇಳಿದ. ಮತ್ತೊಂದು ದಿನ ಕೇತ ನಡುವೆ ನಿಂತಾಗ ಅವನ ಮಂಡಿ ನಡುಗುವುದು ಬೈಚನ ಮೈಗೆ ತಿಳಿಯಿತು. ಬೆನ್ನ ಮೇಲಿರುವವನಿಗೆ ಅದು ಎಷ್ಟು ಚೆನ್ನಾಗಿ ತಿಳಿಯುತ್ತದೆಂದು ಅವನು ಅಂದು ಅರಿತ. ಕೇತ ಮೆಟ್ಟಿಲ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಾಗ ಬೈಚ ಪಕ್ಕದಲ್ಲಿ ಕುಳಿತು, ಗುರಿಕಾರನಿಗೂ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದ.

"ಕೂಗು ಅಂತ ನಮ್ಮವ್ವನೇ ಅಂದಳು ಕೇತ. ನಾನು ಕೂಗಲಿಲ್ಲ. ಕೂಗಿದರೆ ಅವಳನ್ನು ಭಾರ ಅಂದಂತಾಗುತ್ತದಲ್ಲ. ಆ ಮಾತು ಅವಳ ಕಿವಿಗೆ ಬೀಳಬಾರದು ಅಂದುಕೊಂಡೆ."

ಕೇತ ಬೆವರು ಒರೆಸುವುದನ್ನು ನಿಲ್ಲಿಸಿದ. ಆಮೇಲೆ ಹೇಳಿದ:

"ನೀನು ನನಗೆ ಭಾರ. ಬಹಳ ಭಾರ. ಊರಿಗೆಲ್ಲ ಕೇಳುವಂತೆ ಹೇಳಿದ್ದೇನೆ. ಹಾಗಂತ ನಿನ್ನನ್ನು ಕೆಳಗೆ ಹಾಕಿದೆನೆ?"

 ಕೇತ ಎದ್ದು ಬೆನ್ನು ಕೊಟ್ಟ. "ಹತ್ತು. ಅರ್ಧ ದಾರಿ ಉಳಿದಿದೆ." ಅಂದು ಮೊದಲ ಸಲ ಬೈಚ ಬತ್ತೇರಿಯವರೆಗೆ ಕಾಲೂರದೆ ಹೋದ. ಇಳಿದು ನೋಡಿದರೆ ಕೇತನ ತುಟಿ ಬಿಳಿಚಿತ್ತು. ಬೈಚನೇ ಓಡಿ ನೀರು ತಂದ. ಕೇತ ಕುಡಿದು ಉಳಿದದ್ದನ್ನು ಅವನ ಕಡೆ ಚಾಚಿದ. ಬೈಚ ಒಂದು ಗಳಿಗೆ ಅದನ್ನೇ ನೋಡಿ, ತೆಗೆದುಕೊಂಡು ಕುಡಿದ.

ಆದರೆ ಕಲಿತದ್ದು ಬಂಡೆಯ ಮೇಲೆ ನೆನಪಿಗೆ ಬರಬೇಕಲ್ಲ. ಹಗ್ಗ ಜಗ್ಗಲು ಬೈಚನ ಕೈ ಇನ್ನೂ ಹಿಂದೇಟು ಹಾಕುತ್ತಿತ್ತು. ಒಮ್ಮೊಮ್ಮೆ ಜಗ್ಗುವನು, ಒಮ್ಮೊಮ್ಮೆ ಜಗ್ಗದೆ ಹತ್ತಿಬಿಡುವನು. ಹತ್ತಿದ ಮೇಲೆ ನಾಚಿಕೆಯಿಂದ ಕೇತನ ಮುಖ ನೋಡುವನು.

ಇಷ್ಟರಲ್ಲಿ ಪಕ್ಕದ ಸೀಮೆಯ ದಂಡು ಮತ್ತೆ ಬಂತು. ಗಡಿಯ ಕೋಟೆಯನ್ನು ಹಿಡಿದು, ಅಲ್ಲಿಯ ಊರಿನ ಜನರನ್ನೆಲ್ಲ ಒಳಗಿನ ಕಣಜದ ಮನೆಯಲ್ಲಿ ಕೂಡಿಹಾಕಿತು. ಮುಂಬಾಗಿಲಿಗೆ ಸೇನೆ ಬಂದರೆ ಕಣಜಕ್ಕೆ ಬೆಂಕಿ ಇಡುತ್ತೇವೆಂದು ಹೇಳಿಕಳಿಸಿತು. ಕೋಟೆಯ ಹಿಂಬದಿಗೆ ಕಾವಲಿರಲಿಲ್ಲ. ಅಲ್ಲಿದ್ದದ್ದು ಬರಿಯ ಬಂಡೆ. ಅದನ್ನು ಮನುಷ್ಯರು ಹತ್ತಲಾರರೆಂದು ಎಲ್ಲರೂ ನಂಬಿದ್ದರು. ದೊರೆ ಉಡದ ಪಡೆಯನ್ನು ಕರೆದ.

ಹೊರಡುವ ಹೊತ್ತಿಗೆ, ಪಡೆ ಸೇರಿದ ಮೇಲೆ ಕೇತನಿಗೆ ಸಿಕ್ಕಿದ್ದ ಜೊತೆಗಾರ ಜ್ವರದಿಂದ ಮಲಗಿದ. ಗುರಿಕಾರ ಬೈಚನ ಬಳಿ ಬಂದ.

"ಬರುತ್ತೀಯಾ?"

"ಬರುತ್ತೇನೆ. ಆದರೆ ನನ್ನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ."

"ಇಷ್ಟು ದಿನ ನೀನು ಆಡಿದ ಮಾತುಗಳಲ್ಲಿ ನಾನು ನಂಬುವುದು ಇದೊಂದನ್ನೇ. ನಡೆ" ಎಂದ ಗುರಿಕಾರ.

ಬೆಳಗಿನ ಮಂಜಿನಲ್ಲಿ ಹತ್ತತೊಡಗಿದರು. ಮುಂದೆ ಗುರಿಕಾರ, ಅವನ ಹಿಂದೆ ಉಳಿದವರು, ಎಲ್ಲರಿಗಿಂತ ಕೊನೆಗೆ ಕೇತ ಮತ್ತು ಬೈಚ, ಒಬ್ಬನಿಂದ ಇನ್ನೊಬ್ಬನಿಗೆ ಹಗ್ಗ ಕಟ್ಟಿಕೊಂಡು. ಕೇತ ಒಂದು ಕಲ್ಲಿನ ಚಾಚಿನ ಮೇಲೆ ಕುಳಿತು ಹಗ್ಗ ಸಡಿಲ ಬಿಟ್ಟ. ಬೈಚ ಅರ್ಧ ಏರಿದ್ದ. ಹಿಡಿದಿದ್ದ ಕಲ್ಲಿನ ಮೂತಿ ಕಿತ್ತುಬಂತು. ಪೂರ್ತಿ ಮೈಯ ತೂಕ ಎಡಗೈಯ ಮೇಲೆ ಬಿದ್ದು ಭುಜದ ಕೀಲು ಜಾರಿತು. ಕಣ್ಣು ಕತ್ತಲಾಯಿತು. ಬಲಗೈಯಲ್ಲಿ ಒಂದು ಸಂದು ಸಿಕ್ಕಿತು, ಹಿಡಿದುಕೊಂಡ. ಎಡಗೈ ಒದ್ದೆ ಬಟ್ಟೆಯಂತೆ ನೇತಾಡಿತು.

ಮೈ ಸಾಕು ಎಂದಿತು. ಅದು ಹೆದರಿಕೆಯ ಸಾಕು. ಬೈಚನಿಗೆ ಅದರ ಪರಿಚಯವಿತ್ತು. ಅದನ್ನು ದಾಟಿ ಕಾಲಿಗೆ ಜಾಗ ಹುಡುಕಿದ. ಸಿಕ್ಕಿತು. ಒಂದೇ ಕೈಯಲ್ಲಿ ಮೈಯನ್ನು ಒಂದು ಮೊಳ ಎತ್ತಿದ. ಮತ್ತೆ ಸಾಕು ಎಂದಿತು. ಅದು ನೋವಿನ ಸಾಕು. ಅದನ್ನೂ ದಾಟಿ ಇನ್ನೊಂದು ಮೊಳ ಎತ್ತಿದ. ತಾಲೀಮು ಕಲಿಯದ ಯಾವ ಮನುಷ್ಯನೂ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಆಮೇಲೆ ಒಳಗೆ ಕೇಳಿದ. ಈ ಸಲ ಯಾವ ದನಿಯೂ ಬರಲಿಲ್ಲ. ಮನೆ ಪೂರ್ತಿ ಖಾಲಿಯಾಗಿತ್ತು.

ಕೇತ ಕುಳಿತಿದ್ದ ಚಾಚು ಕಾಣುತ್ತಿತ್ತು. ಬಹಳ ದೂರವಿರಲಿಲ್ಲ. ಬಂದೇ ಬಿಟ್ಟಿತು ಎಂಬ ಮಾತು ತಾನಾಗಿ ತುಟಿಗೆ ಬಂತು. ಆ ಮಾತು ಕೇಳಿ ಅವನೇ ಬೆಚ್ಚಿಬಿದ್ದ. ಮೇಲೆ ಹಗ್ಗ ಸಡಿಲವಾಗಿತ್ತು. ಕೇತನಿಗೆ ಏನೂ ತಿಳಿದಿರಲಿಲ್ಲ. ಈಗ ಬಿದ್ದರೆ ಅವನೂ ಬೀಳುತ್ತಾನೆ. ಜಗ್ಗಬೇಕು. ಜಗ್ಗಲು ಕೈಯೆಲ್ಲಿದೆ? ಒಂದು ಕೈ ಸತ್ತಿದೆ, ಇನ್ನೊಂದು ಬಂಡೆಯಲ್ಲಿದೆ.

ಬೈಚ ಕತ್ತು ತಿರುಗಿಸಿ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿದ. ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ತಲೆಯನ್ನು ಹಿಂದಕ್ಕೆ ಎಳೆದ.

ಹಗ್ಗ ಬಿಗಿಯಿತು. ಅದೇ ಗಳಿಗೆಗೆ ಅವನ ಬೆರಳುಗಳು ಬಂಡೆಯನ್ನು ಬಿಟ್ಟವು.

ಬೈಚ ಬೀಳಲಿಲ್ಲ. ಗಾಳಿಯಲ್ಲಿ ತೂಗಾಡಿ ಬಂಡೆಗೆ ಒರಗಿ ನಿಂತ. ಮೇಲೆ ಕೇತ ಬೆನ್ನು ಬಾಗಿಸಿ ಹಿಂದಕ್ಕೆ ಒರಗಿದ್ದ. ಅವನೊಬ್ಬನಿಂದ ಎಳೆಯಲಾಗುವ ಭಾರವಲ್ಲ. ಕೇತ ತನ್ನ ಮೇಲಿನ ಹಗ್ಗವನ್ನು ಜಗ್ಗಿದ. ಅವನ ಮೇಲಿನವನು ತನ್ನ ಮೇಲಿನವನದನ್ನು ಜಗ್ಗಿದ. ಸುದ್ದಿ ಒಂದು ಮಾತಿಲ್ಲದೆ ನೆತ್ತಿಯಲ್ಲಿದ್ದ ಗುರಿಕಾರನವರೆಗೆ ಹೋಯಿತು. ಎಲ್ಲರೂ ಸೇರಿ ಎಳೆದರು. ಬೈಚ ಕಾಲೂರಲು ನೋಡಲಿಲ್ಲ. ಮೈಯನ್ನು ಹಗ್ಗಕ್ಕೆ ಬಿಟ್ಟು ಸುಮ್ಮನಿದ್ದ. ಸುಮ್ಮನೆ ಮೇಲೆ ಹೋದ.

ಕೇತ ಅವನನ್ನು ಚಾಚಿನ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ, "ಜಗ್ಗಿದೆಯಲ್ಲೋ!" ಎಂದ.

"ಜಗ್ಗಿದೆ" ಎಂದ ಬೈಚ. ಬಾಯೆಲ್ಲ ರಕ್ತವಾಗಿತ್ತು.

"ಇಲ್ಲೇ ಇರು. ಬಂದು ಕರೆದುಕೊಂಡು ಹೋಗುತ್ತೇನೆ."

"ಬಾ. ನನ್ನಿಂದ ಇಳಿಯಲಾಗುವುದಿಲ್ಲ."

ಆ ಮಾತನ್ನು ಅವನು ಹುಟ್ಟಿದ ಮೇಲೆ ಮೊದಲ ಸಲ ಆಡಿದ್ದು. ಕೇತ ಮೇಲೆ ಹೋದ. ಬೈಚ ಬಂಡೆಗೆ ಒರಗಿ ಕೋಟೆಯೊಳಗಿನ ಸದ್ದಿಗೆ ಕಿವಿಗೊಟ್ಟು ಕುಳಿತ. ಪಡೆ ಒಳಗಿಳಿದು ಮೊದಲು ಕಣಜದ ಕಾವಲನ್ನು ಹಿಡಿಯಿತು, ಆಮೇಲೆ ಹೊರಗೆ ಅಡಗಿ ಕಾದಿದ್ದ ಸೇನೆಗೆ ದಿಡ್ಡಿ ಬಾಗಿಲು ತೆರೆಯಿತು. ಹಿಂದಿನ ಬಂಡೆಯಿಂದ ಮನುಷ್ಯರು ಬಂದರೆಂದು ತಿಳಿದು ಹಗೆಯವರ ಎದೆ ಒಡೆಯಿತು. ಬಹಳ ಮಂದಿ ಆಯುಧ ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಕಣಜದ ಬಾಗಿಲು ತೆರೆದ ಸದ್ದು ಕೇಳಿಸಿತು. ಆಮೇಲೆ ಹೆಂಗಸರ ಮಕ್ಕಳ ದನಿ. ಬೈಚ ಮುಖವನ್ನು ಬಂಡೆಗೆ ಒತ್ತಿಕೊಂಡು ಅತ್ತ. ತಾಯಿಗಾಗಿ ಅವನು ಅಲ್ಲಿಯವರೆಗೆ ಅತ್ತಿರಲಿಲ್ಲ.

ಅವನ ಭುಜ ಪೂರ್ತಿ ನೆಟ್ಟಗಾಗಲಿಲ್ಲ. ಮತ್ತೆ ಬಂಡೆ ಹತ್ತಲಿಲ್ಲ. ಆದರೆ ಪಡೆ ಅವನನ್ನು ಬಿಡಲಿಲ್ಲ. ತಾಲೀಮಿನ ಬಂಡೆಯ ನೆತ್ತಿಯಲ್ಲಿ ಹಗ್ಗವನ್ನು ಸೊಂಟಕ್ಕೆ ಬಿಗಿದು ಕಾಲೂರಿ ಕೂರುವುದು ಅವನ ಕೆಲಸವಾಯಿತು. ಮೇಲೆ ಬೈಚನಿದ್ದಾನೆಂದರೆ ಹೊಸಬರು ಹಿಂದೆಂದೂ ಹತ್ತದಷ್ಟು ಎತ್ತರ ಹತ್ತುತ್ತಿದ್ದರು. ಕೇತ ಕೆಲವು ಕಾಲವಿದ್ದು, ನನ್ನಿಂದ ಆಗುತ್ತದೆಯೋ ಇಲ್ಲವೋ ನೋಡಬೇಕಿತ್ತು, ನೋಡಿಯಾಯಿತು ಎಂದು ಮಗ್ಗಕ್ಕೆ ಮರಳಿದ. ತನ್ನ ಮಂಡಿಗಳ ಮೇಲೆ ಬೈಚನಿಗಿದ್ದ ಸಿಟ್ಟು ಹೋಯಿತೋ ಇಲ್ಲವೋ, ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ಹೇಳಿದ:

"ಬೈಚ 'ಸಾಕು' ಎಂಬುದನ್ನು ಎರಡು ಸಲ ದಾಟಿದ. ಅಷ್ಟನ್ನು ನಾನೂ ಕಲಿತೇನು. ಮೂರನೆಯ ಸಲ ಅವನು ಜಗ್ಗಿದ. ಅವನು ಪುಣ್ಯವಂತ ಗುರುಗಳೇ, ಮೇಲೆ ಒಬ್ಬ ಕುಳಿತಿದ್ದ. ಕಣ್ಣು ಮುಚ್ಚಿ ಒಬ್ಬನೇ ಕೂರುವ ನನ್ನಂಥವನಿಗೆ ಮೇಲೆ ಯಾರಿದ್ದಾರೆ?"

"ಇಷ್ಟು ವರ್ಷ ನಾನು ಇಲ್ಲಿ ಏತಕ್ಕೆ ಕುಳಿತಿದ್ದೇನೆ ಎಂದುಕೊಂಡಿದ್ದೆ, ಮಗೂ?" ಎಂದರು ಗುರುಗಳು.